ತೌಡಿಗೆ ಕೊಂಡ ಕೂಸು

ನಾನು ಕೆಲಸ ಮಾಡುವ ಕೋಣೆಯಲ್ಲಿ ಯಾರಿಗೂ ಹೆಸರಿಲ್ಲ. ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಘಟಕ ಅದು. ಕೂಸಿನ ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ತಾಯಿಯ ಹೆಸರು, ಅದರ ಮುಂದೆ ‘ಇವರ ಕೂಸು’ ಎಂದಷ್ಟೇ ಬರೆದಿರುತ್ತದೆ. ನಾನು ಅಲ್ಲಿನ ನರ್ಸ್. ಗಂಡಸಾದ್ದರಿಂದ ಜನ ‘ಬ್ರದರ್’ ಎನ್ನುತ್ತಾರೆ. ಹಳ್ಳಿಯ ಹಿರಿಯರು ಬರೀ ಬ್ರದರ್ ಅನ್ನುವುದು ಮರ್ಯಾದೆಯಲ್ಲವೆಂದು ‘ಬ್ರದರಪ್ಪ’ ಮಾಡಿಕೊಂಡಿದ್ದಾರೆ.

ಕಾಲಿನ ಪಟ್ಟಿ ಅದಲುಬದಲಾದೀತೆಂಬ ಹೆದರಿಕೆ ನನಗೆ ಮೊದಲಿನಿಂದಲೂ ಇದೆ. ಪಾಳಿ ಮುಗಿಸಿ ಗೇಟಿನವರೆಗೆ ಹೋದವನು ಮತ್ತೆ ಬಂದು ಎಲ್ಲ ಕಾಲುಗಳನ್ನೂ ಇನ್ನೊಮ್ಮೆ ನೋಡುತ್ತೇನೆ. ಜೊತೆಗೆ ಕೆಲಸ ಮಾಡುವ ಸಿಸ್ಟರ್ ಇದಕ್ಕೆ ‘ಪಾದಪೂಜೆ’ ಎನ್ನುತ್ತಾಳೆ.

ಒಳಗೆ ಹೆಸರಿಲ್ಲದಿದ್ದರೂ ಗಾಜಿನಾಚೆ ದಿನವಿಡೀ ಹೆಸರಿನದೇ ಗದ್ದಲ. ತಂದೆಯಂದಿರು ಮೊಬೈಲು ಹಿಡಿದು ನಿಂತಿರುತ್ತಾರೆ. “ಬ್ರದರ್, ನಿಮ್ಮ ಕೈಯಾಗ ಭಾಳ ಕೂಸು ಹಾದು ಹೋಗ್ಯಾವು. ಈ ಹೆಸರು ಯಾರಾರ ಇಟ್ಟಾರೇನ್ರಿ?” ಇಲ್ಲವೆಂದರೆ ಮುಖ ಅರಳುತ್ತದೆ. ಯಾರಿಗೂ ಇರದ ಹೆಸರಾಗಬೇಕು. ಶಾಲೆಯಲ್ಲಿ ಕರೆದರೆ ಒಂದೇ ಕೂಸು ತಿರುಗಿ ನೋಡಬೇಕು. ಗಂಡನ ಹೆಸರಿನ ತಲೆಗೆ ಹೆಂಡತಿಯ ಹೆಸರಿನ ಬಾಲ ಜೋಡಿಸಿದ್ದನ್ನು ಕೇಳಿದ್ದೇನೆ. ಸೋನಾ ಮಸೂರಿ ಭತ್ತಕ್ಕೆ ಒಳ್ಳೆಯ ದರ ಬಂದ ಸುಗ್ಗಿಯಲ್ಲಿ ಹುಟ್ಟಿದ ಮಗಳಿಗೆ ಸೋನಾ ಎಂದಿಟ್ಟ ಅಡತಿ ಅಂಗಡಿಯವರನ್ನು ಕಂಡಿದ್ದೇನೆ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಅಜ್ಜಿಯೊಬ್ಬಳು ಮೊಮ್ಮಗನಿಗೆ ಶಾಲೆಗೊಂದು ಚಂದದ ಹೆಸರು, ಮನೆಗೊಂದು ‘ಕೊಳೆತದ್ದು’ ಎಂಬರ್ಥದ ಹೆಸರು ಇಟ್ಟು ಎರಡನ್ನೂ ನನಗೆ ಬಾಯಿಪಾಠ ಮಾಡಿಸಿದ್ದಳು. ಹೆಸರಿನ ವಿಷಯದಲ್ಲಿ ನನ್ನನ್ನು ಬೆಚ್ಚಿಸುವಂಥದ್ದು ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ದಢೇಸುಗೂರಿನಿಂದ ಬಂದ ಅಜ್ಜಿಯೊಬ್ಬಳು ಪಟ್ಟಿಯನ್ನೇ ಬಿಚ್ಚು ಅಂದಳು.

ಅವಳ ಮಗಳದು ಎರಡು ತಿಂಗಳು ಮುಂಚಿತವಾದ ಹೆರಿಗೆ. ಗಂಡು ಕೂಸು, ಒಂದೂವರೆ ಕಿಲೋಗಿಂತಲೂ ಕಡಿಮೆ ತೂಕ. ಮೊದಲೆರಡು ದಿನ ಉಸಿರಿಗೆ ಯಂತ್ರದ ಆಸರೆ ಬೇಕಾಯಿತು. ಆಮೇಲೆ ತಾನೇ ಉಸಿರಾಡತೊಡಗಿತು. ಚೀಪುವ ಶಕ್ತಿ ಇನ್ನೂ ಇರಲಿಲ್ಲ. ಇಂಥ ಕೂಸುಗಳಿಗೆ ಬಾಯಿಯಿಂದ ಹೊಟ್ಟೆಗೆ ತೆಳ್ಳನೆಯ ನಳಿಕೆ ಇಳಿಸಿ, ತಾಯಿ ಹಿಂಡಿಕೊಟ್ಟ ಹಾಲನ್ನು ಸಿರಿಂಜಿನಲ್ಲಿ ಎತ್ತಿ ಹಿಡಿಯುತ್ತೇವೆ. ಒತ್ತಬಾರದು, ಹಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅಷ್ಟು ಹೊತ್ತು ಕೈ ಅಲುಗಿಸದೆ ನಿಲ್ಲುವುದೇ ನನ್ನ ಕೆಲಸದ ದೊಡ್ಡ ಭಾಗ. ಚಿಂತೆ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ: ಕೈ ನಿಂತಿರುತ್ತದೆ, ತಲೆ ಓಡುತ್ತಿರುತ್ತದೆ.

“ಬ್ರದರಪ್ಪ, ಆ ಪಟ್ಟಿ ಬಿಚ್ಚಿಬಿಡ್ರಿ. ಅದರ ಮ್ಯಾಲ ನನ್ನ ಮಗಳ ಹೆಸರು ಬರದೀರಿ.”

“ಬರೀಲೇಬೇಕು ಯವ್ವಾ. ಇಲ್ಲಂದ್ರ ಇದು ಯಾರ ಕೂಸು ಅಂತ ಹೆಂಗ ಗೊತ್ತಾಗಬೇಕು?”

“ಗೊತ್ತಾಗಬಾರದು ಅಂತನ ಹೇಳಾಕತ್ತೀನಿ.”

ಇದು ಮೂರನೆಯ ಕೂಸಂತೆ. ಮೊದಲನೆಯದಕ್ಕೆ, ಇನ್ನೂ ಹೊಟ್ಟೆಯಲ್ಲಿದ್ದಾಗಲೇ, ತಂದೆ ಮೊಬೈಲಿನಲ್ಲಿ ಒಂದು ಹೆಸರು ಹುಡುಕಿ ತೊಟ್ಟಿಲಿನ ಮೇಲೆ ಬಣ್ಣದಲ್ಲಿ ಬರೆಸಿದ್ದ. ಕೂಸು ವಾರ ಬದುಕಲಿಲ್ಲ. ಎರಡನೆಯದಕ್ಕೆ ಅಜ್ಜಿ ಯಾರ ಮಾತನ್ನೂ ಕೇಳದೆ ಹಳೆಯ ದಾರಿ ಹಿಡಿದಳು. ಮಕ್ಕಳು ಉಳಿಯದ ಮನೆಯಲ್ಲಿ ಮಾಡುವಂತೆ ಕೂಸನ್ನು ತಿಪ್ಪೆಯ ಮೇಲೆ ಹೊರಳಾಡಿಸಿ, ಅಲ್ಲಿಂದ ಎತ್ತಿಕೊಂಡು, ತಿಪ್ಪಣ್ಣ ಎಂದಿಟ್ಟಳು. ಅದೂ ಕೆಲವು ತಿಂಗಳಿಗೆ ಜ್ವರ ಬಂದು ಹೋಯಿತು.

“ನಮ್ಮಣ್ಣ ತಿಪ್ಪಣ್ಣ ಹಲ್ಲುದುರೋ ಮಟ ಬದುಕಿದ್ದ. ಆವಾಗ ಆ ಹೆಸರು ನಡೀತಿತ್ತು. ಈಗ ಅದಕ್ಕ ಆ ಹೆಸರೂ ಗುರುತು ಹತ್ತೈತಿ,” ಎಂದಳು ಅಜ್ಜಿ. ಸಾವು ಎಂಬ ಮಾತನ್ನು ಅವಳು ಆಡುತ್ತಿರಲಿಲ್ಲ. ‘ಅದು’ ಎಂದಷ್ಟೇ ಅನ್ನುತ್ತಿದ್ದಳು. “ಯಾರೂ ಇಡದಂಥಾ ಹೆಸರು ಬೇಕು ಬ್ರದರಪ್ಪ. ಕೇಳಿದ್ರ ಅದಕ್ಕ ಇದೇನು, ಯಾರು ಅಂತ ತಿಳೀಬಾರದು.”

ಗಾಜಿನಾಚೆ ಮೊಬೈಲು ಹಿಡಿದವರು ಕೇಳುವುದೂ ಇದನ್ನೇ ಅಲ್ಲವೇ ಎಂದು ಒಳಗೊಳಗೇ ನಗು ಬಂತು. ನಗು ಬಹಳ ಹೊತ್ತು ಉಳಿಯಲಿಲ್ಲ.

ಕಾರಣ ಕೂಸಿನ ತಾಯಿ. ಆಕೆ ಬಾಣಂತಿಯರ ವಾರ್ಡಿನ ಕೊನೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹೆತ್ತಾಗಿನಿಂದ ಒಮ್ಮೆಯೂ ಒಳಗೆ ಬಂದಿರಲಿಲ್ಲ. ಸಿಸ್ಟರ್ ಬಟ್ಟಲು ಒಯ್ದು ಕೊಟ್ಟರೆ ಹಾಲು ಹಿಂಡಿಕೊಡುವಳು. ಆದರೆ ಬಟ್ಟಲಿನ ತಳ ಮುಚ್ಚುವಷ್ಟೂ ಬರುತ್ತಿರಲಿಲ್ಲ. ಕೂಸಿನ ಮೈ ತಾಗದೆ ಹಾಲು ಇಳಿಯುವುದು ಕಷ್ಟ. ಹಾಲಿಲ್ಲದೆ ತೂಕವಿಲ್ಲ. ದಿನಾ ಬೆಳಿಗ್ಗೆ ತಕ್ಕಡಿಯ ಮೇಲೆ ಮಲಗಿಸಿದರೆ ಅಂಕಿ ಹಿಂದಿನ ದಿನಕ್ಕಿಂತ ಕೆಳಗೇ ನಿಲ್ಲುತ್ತಿತ್ತು. ತಕ್ಕಡಿ ಕೆಟ್ಟಿದೆಯೇನೋ ಎಂದು ನಾನು ಉಪ್ಪಿನ ಪ್ಯಾಕೆಟ್ ತಂದು ತೂಗಿ ನೋಡಿದೆ. ತಕ್ಕಡಿ ಸರಿಯಿತ್ತು.

ನಮ್ಮಲ್ಲಿ ಇದಕ್ಕೊಂದು ಉಪಾಯವಿದೆ. ಕಾಂಗರೂ ಆರೈಕೆ ಎನ್ನುತ್ತೇವೆ. ಕೂಸಿಗೆ ಟೋಪಿ, ಕಾಲುಚೀಲ, ಒಂದು ಲಂಗೋಟಿ ಬಿಟ್ಟು ಬೇರೇನೂ ಹಾಕದೆ ತಾಯಿಯ ಬರಿಯ ಎದೆಯ ಮೇಲೆ, ಕಪ್ಪೆ ಕೂತಂತೆ ಕೂರಿಸಿ, ಬಟ್ಟೆಯಿಂದ ಕಟ್ಟುವುದು. ತಲೆ ಒಂದು ಪಕ್ಕಕ್ಕೆ ತಿರುಗಿರಬೇಕು, ಕತ್ತು ಬಹಳ ಬಾಗಬಾರದು, ಮೂಗು ಕಾಣುತ್ತಿರಬೇಕು. ದಿನಕ್ಕೆ ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು. ಕೂಸು ಬೆಚ್ಚಗಿರುತ್ತದೆ, ಉಸಿರು ಹದಕ್ಕೆ ಬರುತ್ತದೆ, ಹಾಲು ಇಳಿಯುತ್ತದೆ. ವಿದ್ಯುತ್ತು ಬೇಡ, ಯಂತ್ರ ಬೇಡ. ತಾಯಿ ಮಾತ್ರ ಬೇಕು.

ಗಂಡಸಾಗಿ ನಾನು ಇದನ್ನು ಪರದೆಯ ಹೊರಗೆ ನಿಂತು, ಛಾವಣಿ ನೋಡುತ್ತಾ ಕಲಿಸುತ್ತೇನೆ. ಒಳಗೆ ಸಿಸ್ಟರ್ ಕೈಯಾಡಿಸುತ್ತಾಳೆ. ಈ ತಾಯಿಯನ್ನು ಸಿಸ್ಟರ್ ಕೈಹಿಡಿದು ಘಟಕದ ಬಾಗಿಲವರೆಗೆ ಕರೆತಂದಳು. ಬಾಗಿಲಲ್ಲಿ ಆಕೆ ನಿಂತುಬಿಟ್ಟಳು.

“ಒಂದ ಸಲ ಮಾರಿ ನೋಡ್ರಿ,” ಎಂದೆ.

“ನೋಡಿದ್ರ ಹೋಗತೈತ್ರಿ,” ಎಂದಳು. ತಿರುಗಿ ನಡೆದಳು.

ಆ ದಿನ ಮಕ್ಕಳ ಡಾಕ್ಟರ್ ಮೇಡಂ ಕೂಸಿನ ಹೊಟ್ಟೆ ಮುಟ್ಟಿ ನೋಡಿ, “ಇನ್ನೆರಡು ದಿನ ನೋಡೋಣ. ತೂಕ ಹೀಗೇ ಇಳಿದರೆ ರಾಯಚೂರಿಗೆ ಕಳಿಸೋದು,” ಎಂದರು. ಆ ಹದದಲ್ಲಿದ್ದ ಕೂಸಿಗೆ ಆಂಬುಲೆನ್ಸಿನ ದಾರಿಯೂ ಒಂದು ಪರೀಕ್ಷೆಯೇ.

ಮರುದಿನ ಅಜ್ಜಿ ಕಂಬಳಿ ಹಿಡಿದು ಬಾಗಿಲಿಗೆ ಬಂದಳು. “ಒಂದು ತಾಸು ಕೂಸು ಕೊಡ್ರಿ. ಕ್ಯಾಂಪಿನಾಗ ಒಬ್ಬಾಕಿ ಕೊಳ್ಳಾಕ ಒಪ್ಯಾಳ. ಆಕಿ ಹೊಸ್ತಿಲ ದಾಟಿಸಿ, ತೌಡು ಇಸಗಂಡು, ಹೊಳ್ಳಿ ತರತೀನಿ.”

ಅದೂ ಹಳೆಯ ಪದ್ಧತಿಯೇ. ಮಕ್ಕಳು ನಿಲ್ಲದ ಮನೆಯವರು ಕೂಸನ್ನು ಬೇರೆಯವರಿಗೆ ಒಂದು ಮೊರ ತೌಡಿಗೋ ನುಚ್ಚಿಗೋ ಮಾರಿಬಿಡುತ್ತಾರೆ. ಹೆಸರಿಡುವವರು ಕೊಂಡವರು. ಸಾಕುವವರು ಹೆತ್ತವರೇ ಆದರೂ ಕೂಸು ಅವರದಲ್ಲ. ಅಜ್ಜಿ ಹೇಳುವ ‘ಅದು’ ಈ ಮನೆಗೆ ಹುಡುಕಿಕೊಂಡು ಬಂದರೆ, ಇಲ್ಲಿ ನಮ್ಮ ಕೂಸೇ ಇಲ್ಲವಲ್ಲ ಅನ್ನಬಹುದು.

“ಈ ಚಳಿಯಾಗ ಹೊರಗ ಒಯ್ದ್ರ ಹೊಳ್ಳಿ ತರೋದು ಆಗಂಗಿಲ್ಲ ಯವ್ವಾ. ಮೈ ತಣ್ಣಗಾದ್ರ ಉಸಿರು ನಿಲ್ಲತೈತಿ.”

“ಇಲ್ಲಿದ್ದು ಏನಾಗಾಕತ್ತೈತಿ? ದಿನಾ ಇಳಿಯಾಕತ್ತೈತಿ ಅಂತ ನೀವ ಹೇಳೀರಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ಹೇಳ್ರಿ, ಒತ್ತಿ ಒಯ್ಯತೀನಿ.”

ಡಾಕ್ಟರ ಮಾತು ಮೀರಿ ಒಯ್ಯುತ್ತೇವೆಂದು ಮನೆಯವರು ಹೆಬ್ಬಟ್ಟು ಒತ್ತಿದರೆ ನಾವು ತಡೆಯುವಂತಿರಲಿಲ್ಲ. ನಾನು ವಾದ ಮಾಡಿದೆ, ಬೇಡಿಕೊಂಡೆ, ಮೇಡಂ ಬರುವವರೆಗೆ ಕಾಯಿರಿ ಎಂದೆ. ಅವಳು ಕಂಬಳಿ ಬಿಡಿಸತೊಡಗಿದಳು. ಆಗ ನನ್ನ ಬಾಯಿಂದ ಬಂತು: “ನನಗ ಮಾರ್ರಿ.”

ನಾನು ಚಪ್ಪಲಿ ಕೊಳ್ಳಲು ಎರಡು ವಾರ ಯೋಚಿಸುವ ಮನುಷ್ಯ. ಮಾತು ಹೊರಬಿದ್ದ ಕ್ಷಣವೇ, ಆಸ್ಪತ್ರೆಯಲ್ಲಿ ಕೂಸು ಕೊಂಡ ಬ್ರದರ್ ಎಂದು ಪತ್ರಿಕೆಯ ಮೂಲೆಯಲ್ಲಿ ನನ್ನ ಭಾವಚಿತ್ರ ಕಂಡಿತು. ಅದೂ ಆಧಾರ್ ಕಾರ್ಡಿನ ಭಾವಚಿತ್ರ.

ಅಜ್ಜಿ ಕಂಬಳಿ ಮಡಚಿ ಕಂಕುಳಲ್ಲಿಟ್ಟುಕೊಂಡು ವಿಚಾರಣೆ ಶುರುಮಾಡಿದಳು.

“ಮಕ್ಕಳೆಷ್ಟು ನಿಮಗ?”

“ಇಲ್ಲ.”

“ಹೇಣ್ತಿ?”

“ಮದುವಿ ಆಗಿಲ್ಲ.”

“ತಾಯಿ ತಂದಿ?”

“ತೀರಿಕೊಂಡಾರ. ಅಕ್ಕ ಒಬ್ಬಾಕಿ ಅದಾಳ, ಮಸ್ಕಿಗೆ ಕೊಟ್ಟೈತಿ.”

“ಮನಿ ಸ್ವಂತದ್ದೇನು?”

“ಬಾಡಿಗಿದು.”

ಇದೇ ಪ್ರಶ್ನೆಗಳಿಗೆ ಇದೇ ಉತ್ತರ ಕೊಟ್ಟು ಲಿಂಗಸುಗೂರಿನಲ್ಲಿ ಎರಡು ಸಂಬಂಧ ಕಳೆದುಕೊಂಡವನು ನಾನು. ಇಲ್ಲಿಯೂ ಆಗಲಿಕ್ಕಿಲ್ಲ ಎಂದುಕೊಂಡೆ. ಆದರೆ ಅಜ್ಜಿಯ ಮುಖ ಬೆಳಗಿತು.

“ಬೇಷ್. ಇಂಥಾ ಮನೀನ ಬೇಕಾಗಿತ್ತು ನೋಡ್ರಿ. ಕೂಸು ಆಡಿದ ಮನೀ ದಾರಿ ಅದಕ್ಕ ಗೊತ್ತಿರತೈತಿ. ನಿಮ್ಮ ಮನಿಗ್ಯಾಕ ಬಂದೀತು ಅದು? ಅಲ್ಲೇನೈತಿ?”

ಅವಳು ಹೊಗಳಿಯೇ ಹೇಳಿದ್ದು. ನಾನೂ ಹಾಗೆಯೇ ತೆಗೆದುಕೊಳ್ಳಲು ನೋಡಿದೆ. ಆ ಸಂಜೆ ಬೀಗ ತೆಗೆದು ಮನೆಯೊಳಗೆ ಕಾಲಿಟ್ಟಾಗ ಮಾತ್ರ ದೀಪ ಹಾಕುವ ಮೊದಲು ಒಂದು ಕ್ಷಣ ನಿಂತೆ. ಒಂದು ಮಂಚ, ಒಂದು ಕುರ್ಚಿ, ಗ್ಯಾಸಿನ ಒಲೆ, ತಂತಿಯ ಮೇಲೆ ಒಣಗಿದ ಸಮವಸ್ತ್ರ. ಸಾವು ಕೂಡ ವಿಳಾಸ ಕೇಳದ ಮನೆ.

ಮೇಡಂಗೆ ಹೇಳದೆ ಮಾಡುವ ಧೈರ್ಯ ನನಗಿರಲಿಲ್ಲ. ಎಲ್ಲವನ್ನೂ ಕೇಳಿ ಅವರು ಸ್ಟೆತಾಸ್ಕೋಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. “ನೀವು ಹೇಳಿದ್ದು ನನಗೆ ಕೇಳಿಸಿಲ್ಲ. ಆದರೆ ತೌಡು ಘಟಕದ ಒಳಗೆ ಬರಬಾರದು.”

ಅಕ್ಕಿ ಗಿರಣಿಯಲ್ಲಿ ತೌಡು ತುಂಬಿಕೊಡುತ್ತಾ ಗಿರಣಿಯವನು ಕೇಳಿದ: “ಏನ್ ಬ್ರದರ್, ಎಮ್ಮಿ ಯಾವಾಗ ಕಟ್ಟಿದ್ರಿ?”

“ಕಟ್ಟೀನಿ, ಸಣ್ಣದು.”

“ಹಾಲು ಎಷ್ಟ ಕೊಡತೈತಿ?”

“ಇನ್ನ ಅದ ಕುಡಿಯೋದ ಕಲೀಬೇಕು,” ಎಂದು ಚೀಲ ಬೈಕಿನ ಮುಂದಿಟ್ಟುಕೊಂಡೆ. ಆತ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದ.

ವ್ಯಾಪಾರ ಓಣಿಯಂಥ ಕಾರಿಡಾರಿನಲ್ಲಿ ನಡೆಯಿತು. ಕೂಸು ಗಾಜಿನೊಳಗೆ ತನ್ನ ಬಿಸಿ ಹಾಸಿಗೆಯಲ್ಲಿ, ಅಜ್ಜಿ ಗಾಜಿನ ಹೊರಗೆ ಸೆರಗೊಡ್ಡಿ. ನಾನು ಒಂದು ಮೊರ ತೌಡು ಸೆರಗಿಗೆ ಸುರಿದೆ. ಸಾಕ್ಷಿಗೆ ಸಿಸ್ಟರ್. ಅವಳು ನಗು ತಡೆಯಲು ಮುಖಗವಸು ಮೂಗಿನ ಮೇಲಕ್ಕೆ ಏರಿಸಿಕೊಂಡಳು. ಆಮೇಲೆ ನಾನು ಕೈ ತೊಳೆದು, ಬಟ್ಟೆ ಬದಲಿಸಿ, ಮತ್ತೆ ಕೈ ತೊಳೆದು ಒಳಗೆ ಹೋಗಿ ಕೂಸಿನ ತಲೆ ಮುಟ್ಟಿದೆ. ಮುಗಿಯಿತು.

ಪಟ್ಟಿಯನ್ನು ಬಿಚ್ಚಲು ನಾನು ಒಪ್ಪಲಿಲ್ಲ. ಅಕ್ಷರ ಕಾಣದಂತೆ ಅದರ ಮೇಲೆ ಬ್ಯಾಂಡೇಜಿನ ಬಟ್ಟೆ ಒಂದು ಸುತ್ತು ಸುತ್ತಿದೆ. ಪ್ರತಿ ಪಾಳಿಗೂ ಬಿಚ್ಚಿ ಓದಿ ಮತ್ತೆ ಸುತ್ತುವ ಕೆಲಸ ನನಗೇ ಗಂಟುಬಿತ್ತು.

“ಇನ್ನ ಹೆಸರಿಡ್ರಿ. ಮಾಲಕರು ನೀವು,” ಎಂದಳು ಅಜ್ಜಿ.

ನನಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಮುಂದಿಟ್ಟೆ. ಗುಂಡಪ್ಪ? ಅವರ ಓಣಿಯಲ್ಲೇ ಇಬ್ಬರು. ಅಡಿವೆಪ್ಪ? ಹೋದ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಮಗುಚಿ ಹೋದ. ಹುಚ್ಚಪ್ಪ? ಅವನಿಗೆ ಹತ್ತು ಎಕರೆ ನೀರಾವರಿ, ಎಲ್ಲರಿಗೂ ಗೊತ್ತು. ತಿರಕಪ್ಪ? ಅಜ್ಜಿ ಬರೀ ಕೈ ಆಡಿಸಿದಳು. ಹತ್ತಾರು ತಂದೆಯಂದಿರ ಪೇಚಾಟವನ್ನು ಗಾಜಿನೊಳಗಿಂದ ನೋಡಿ ನಕ್ಕವನಿಗೆ ಈಗ ಒಂದು ಹೆಸರೂ ಸಿಗದಾಯಿತು. ಸಾಲದ್ದಕ್ಕೆ, ಇಡುವ ಹೆಸರು ಚಂದವೂ ಆಗಬಾರದು.

ಕೊನೆಗೆ ನನ್ನ ವಿಚಾರಣೆಯ ಉತ್ತರಗಳಲ್ಲೇ ಒಂದು ಸಿಕ್ಕಿತು. “ಬಾಡಿಗೆಪ್ಪ,” ಎಂದೆ.

ಅಜ್ಜಿ ತುಟಿ ಅಲುಗಿಸಿ ರುಚಿ ನೋಡಿದಳು. “ಬಾಡಿಗೆಪ್ಪ. ಹೌದಲ್ಲ. ಬಾಡಿಗಿ ಸಾಮಾನು ಯಾರೂ ಜಪ್ತಿ ಮಾಡಂಗಿಲ್ಲ. ಮಾಲು ಇವರದಲ್ಲ ಅಂತ ಬಂದವರು ಬಂದಂಗ ಹೋಗತಾರ.” ಅಷ್ಟು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ.

ಕೊಂಡ ಮೇಲೆ ನನಗೊಂದು ಅಧಿಕಾರ ಬಂದಿತ್ತು. ಅದನ್ನು ಬಳಸಿಕೊಳ್ಳಬಹುದೆಂದು ಆಮೇಲೆ ಹೊಳೆಯಿತು. ವಾರ್ಡಿಗೆ ಹೋಗಿ ಗೋಡೆಗೆ ಮುಖ ಮಾಡಿದ್ದ ಬೆನ್ನಿಗೆ ಹೇಳಿದೆ:

“ಕೂಸು ಈಗ ನಂದು. ನಮ್ಮ ಮನ್ಯಾಗ ಹೆಣ್ಣುಮಕ್ಕಳಿಲ್ಲ. ಅದಕ್ಕ ಎದಿ ಕಾವು ಕೊಡಾಕ ಒಬ್ಬರು ಬೇಕಾಗ್ಯಾರ. ನೀವು ಮಾಡತೀರೇನು?”

ಅಜ್ಜಿ ಮಂಚದ ಕಾಲ ಬಳಿ ಕೂತಿದ್ದಳು.

“ಎಷ್ಟ ತಾಸು?” ಎಂದಿತು ಬೆನ್ನು.

“ಮೊದಲ ಒಂದು ತಾಸು.”

“ನನ್ನ ಕೂಸಲ್ಲ, ಹೌದಿಲ್ರಿ?”

“ಅಲ್ಲ. ಬಾಡಿಗೆಪ್ಪ ಅಂತ ಅದರ ಹೆಸರು.”

ಆಕೆ ಎದ್ದು ಕೂತು ಕೂದಲು ಕಟ್ಟಿಕೊಂಡಳು.

ಪರದೆಯ ಹೊರಗೆ ನಿಂತು ಛಾವಣಿ ನೋಡುತ್ತಾ ನಾನು ಹೇಳಿದ್ದನ್ನು ಸಿಸ್ಟರ್ ಒಳಗೆ ಮಾಡಿದಳು. ಟೋಪಿ. ಕಾಲುಚೀಲ. ನಳಿಕೆ ಎಳೆದುಕೊಳ್ಳದ ಹಾಗೆ ಕೆನ್ನೆಗೆ ಅಂಟುಪಟ್ಟಿ. ಕಾಲು ಕಪ್ಪೆಯಂತೆ ಮಡಚಿ. ಕಟ್ಟಿನ ಮೇಲಂಚು ಕಿವಿಯ ಕೆಳಗೆ. ಮೂಗು ಕಾಣುತ್ತಿದೆಯೇ ಎಂದು ನಾನು ಮತ್ತೆ ಮತ್ತೆ ಕೇಳಿದೆ. ಕಡೆಗೆ ಸಿಸ್ಟರ್, “ಕಾಣಾಕತ್ತೈತಿ ಬ್ರದರ್. ಹೋಗಿ ಚಾ ಕುಡದು ಬರ್ರಿ,” ಎಂದಳು.

ಒಂದು ತಾಸು ಮುಗಿದಾಗ ಆಕೆ ಎದ್ದೇಳಲಿಲ್ಲ. ಮಧ್ಯಾಹ್ನದ ಊಟ ಅಲ್ಲಿಗೇ ತರಿಸಬೇಕಾಯಿತು. ಎರಡನೆಯ ದಿನ ಹಾಲಿನ ಬಟ್ಟಲು ಅರ್ಧ ತುಂಬಿತು. ರಾಯಚೂರಿನ ಮಾತು ಮೇಡಂ ಮತ್ತೆ ಎತ್ತಲಿಲ್ಲ. ಇಳಿಯುತ್ತಿದ್ದ ತೂಕ ಒಂದು ಬೆಳಿಗ್ಗೆ ನಿಂತಿತು. ಅದರ ಮರುದಿನ ಹತ್ತು ಗ್ರಾಂ ಏರಿತು. ಹತ್ತು ಗ್ರಾಂ ಎಂದರೆ ಅರ್ಧ ಹಿಡಿ ತೌಡು. ಆದರೂ ನಾನು ತಕ್ಕಡಿ ಸರಿಯಿದೆಯೇ ಎಂದು ಮತ್ತೆ ಉಪ್ಪಿನ ಪ್ಯಾಕೆಟ್ ತೂಗಿದೆ.

ಆಕೆ ನನಗೆ ವರದಿ ಒಪ್ಪಿಸತೊಡಗಿದಳು. “ನಿಮ್ಮ ಕೂಸು ಇವತ್ತು ಬಿಕ್ಕಿತ್ರಿ.” “ನಿಮ್ಮ ಕೂಸು ಬೆರಳು ಹಿಡಕಂಡಿತ್ರಿ.” ಹೇಳುವಾಗ ಕಣ್ಣು ನೆಲದ ಮೇಲೆ. ಕೆಲಸಕ್ಕಿರುವವರು ಮಾಲೀಕನಿಗೆ ಹೇಳುವ ಧಾಟಿಯಲ್ಲೇ ಹೇಳುತ್ತಿದ್ದಳು, ನಾನು ಮಾಲೀಕನ ಧಾಟಿಯಲ್ಲೇ ಹೂಂಗುಟ್ಟುತ್ತಿದ್ದೆ. ಇದು ನಾಟಕವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ‘ನಿಮ್ಮ ಕೂಸು’ ಎಂದು ಯಾರೂ ನನಗೆ ಅಂದಿರಲಿಲ್ಲ. ದಿನಕ್ಕೆ ಹಲವು ಸಲ ಕೇಳಿಸಿಕೊಂಡರೆ ಮನುಷ್ಯನ ಮೇಲೆ ಅದು ಏನು ಮಾಡುತ್ತದೆಂದು ನರ್ಸಿಂಗ್ ಪಾಠದಲ್ಲಿ ಕಲಿಸುವುದಿಲ್ಲ.

ರಜೆಯ ದಿನ ಮಸ್ಕಿಗೆ ಅಕ್ಕನ ಮನೆಗೆ ಹೋದೆ. ಬಜಾರದಲ್ಲಿ ಒಂದು ಗಿಲಕಿ ಕೊಂಡೆ, ಕೆಂಪು ಪ್ಲಾಸ್ಟಿಕ್ಕಿನದು. ಅಕ್ಕ ಚೀಲದಲ್ಲಿ ಅದು ಸದ್ದು ಮಾಡಿದ್ದನ್ನು ಕೇಳಿ ಹೊರತೆಗೆದಳು.

“ಯಾರಿಗಲೇ ಇದು?”

“ಕೆಲಸಕ್ಕ ಬೇಕಾಗೈತಿ.”

“ನಿನ್ನ ಕೆಲಸದಾಗ ಗಿಲಕಿ ಆಡಸತೀರೇನು? ಪಗಾರ ಚಲೋ ಕೊಡತಾರ ಬಿಡು.” ಆಮೇಲೆ ಅವಳು ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಏನಾಗೈತಿ ನಿನಗ?”

ಏನೂ ಇಲ್ಲ ಎಂದೆ. ಬಸ್ಸಿನಲ್ಲಿ ಸಿಂಧನೂರಿಗೆ ಬರುವಾಗ ಪ್ರತಿ ತಗ್ಗಿಗೂ ಚೀಲ ಗಿಲಿಗಿಲಿ ಅನ್ನುತ್ತಿತ್ತು. ಪಕ್ಕದವರು, ಎಷ್ಟು ತಿಂಗಳ ಕೂಸು ಎಂದು ಕೇಳಿದರು. ನಾನು ವಾರಗಳಲ್ಲಿ ಉತ್ತರ ಹೇಳಿದೆ. ಸುಳ್ಳು ಹೇಳಿದೆನೆಂದು ಆಗ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ತಾಯಿ ಸ್ನಾನಕ್ಕೆ ಹೋಗಿದ್ದಾಗ, 3ನೇ ಹಾಸಿಗೆಯ ಯಂತ್ರ ಕೂಗಿತು. ಬಾಡಿಗೆಪ್ಪ ಉಸಿರಾಡುತ್ತಿರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಇಂಥ ಕೂಸುಗಳಲ್ಲಿ ಇದು ಹೊಸದಲ್ಲ. ಎಳೆಯ ಮೆದುಳು ಉಸಿರಾಡುವುದನ್ನೇ ಮರೆತುಬಿಡುತ್ತದೆ. ಅಂಗಾಲು ತಟ್ಟಿದೆ. ಬೆನ್ನು ಉಜ್ಜಿದೆ. ಬರಲಿಲ್ಲ. ಕತ್ತು ಸರಿಮಾಡಿ, ಬಾಯಿಮೂಗು ಮುಚ್ಚುವ ಪುಟ್ಟ ಮಾಸ್ಕ್ ಇಟ್ಟು, ಬ್ಯಾಗನ್ನು ಎರಡು ಬೆರಳಲ್ಲಿ ಒತ್ತಿದೆ. ಒತ್ತು, ಬಿಡು, ಬಿಡು. ಎದೆ ಏರುತ್ತಿದೆಯೇ ನೋಡು. ಒತ್ತು, ಬಿಡು, ಬಿಡು. ಕಡೆಗೆ ಅದು ಮುಖ ಕಿವುಚಿ, ನನಗೆ ಬೈದಂತೆ ಒಂದು ಸಣ್ಣ ಸದ್ದು ಮಾಡಿ, ಉಸಿರೆಳೆಯಿತು.

ಮೇಡಂ ಬಂದರು. ರಕ್ತ ಪರೀಕ್ಷೆಗೆ ಹೋಯಿತು, ಸೋಂಕಿರಬಹುದೆಂದು ಆಂಟಿಬಯೋಟಿಕ್ ಶುರುವಾಯಿತು, ಉಸಿರಿಗೆ ಎಚ್ಚರ ಕೊಡುವ ಔಷಧಿಯ ಪ್ರಮಾಣ ಏರಿತು. ಎಲ್ಲ ನಿಯಮದಂತೆ ನಡೆಯಿತು. ಹೊರಗೆ ಅಜ್ಜಿ ನನ್ನನ್ನೇ ಕಾಯುತ್ತಿದ್ದಳು.

“ಬ್ರದರಪ್ಪ, ಅದಕ್ಕಂತ ಏನನ್ನ ತಂದೀರೇನು ನೀವು?”

ಗಿಲಕಿ ನನ್ನ ಲಾಕರಿನಲ್ಲಿತ್ತು.

“ಆಸಿ ಇಡಬ್ಯಾಡ್ರಿ,” ಎಂದಳು. ಬೈಯುವ ದನಿಯಲ್ಲ, ಬೇಡುವ ದನಿ. “ಯಾರೂ ಆಸಿ ಇಡಂಗಿಲ್ಲ ಅಂತ ನಿಮಗ ಮಾರಿದ್ದು. ನೀವ ಇಟ್ರ ಅದಕ್ಕ ನಿಮ್ಮ ಮನೀನೂ ಗೊತ್ತಾಗತೈತಿ.”

ನಾನು ಓದಿದವನು. ಕೂಸು ಉಸಿರು ಮರೆತದ್ದಕ್ಕೂ ಮಸ್ಕಿಯ ಗಿಲಕಿಗೂ ಸಂಬಂಧವಿಲ್ಲವೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಪಾಳಿ ಮುಗಿದ ಮೇಲೆ ಬಸ್ ನಿಲ್ದಾಣಕ್ಕೆ ಹೋಗಿ ಗಿಲಕಿಯನ್ನು ಕಲ್ಲುಬೆಂಚಿನ ಮೇಲೆ ಇಟ್ಟು ಬಂದೆ. ತಿರುಗಿ ನೋಡಲಿಲ್ಲ.

ಅಂದಿನಿಂದ ಒಂದು ಶಿಸ್ತು ಹಾಕಿಕೊಂಡೆ. ಪಾಳಿಗೆ ಮೊದಲು ಬರುವುದಿಲ್ಲ, ಪಾಳಿ ಮುಗಿದ ಮೇಲೆ ನಿಲ್ಲುವುದಿಲ್ಲ. ಹಾಲು, ತೂಕ, ಔಷಧಿ, ಪಟ್ಟಿ, ಅಷ್ಟೇ. ‘ನಿಮ್ಮ ಕೂಸು’ ಎಂದು ಆಕೆ ಏನಾದರೂ ಹೇಳಿದರೆ “ಸರಿ” ಎಂದು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಯಂತ್ರಗಳ ನಡುವೆ ಇಷ್ಟು ವರ್ಷ ದುಡಿದರೂ, ಒಂದು ಕೂಸಿನ ಮೇಲೆ ಆಸೆ ಇಡದಿರುವುದು ಇಷ್ಟು ಕಷ್ಟದ ಕೆಲಸವೆಂದು ಗೊತ್ತಿರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟು, ಏನನ್ನೂ ಯೋಚಿಸಬಾರದೆಂದು ಯೋಚಿಸುತ್ತಾ ಕೂರುತ್ತಿದ್ದೆ. ಅನ್ನ ಸೀಯುತ್ತಿತ್ತು.

ಆ ವಾರ ಕೂಸಿನ ತಂದೆ ಹಟ್ಟಿಯಿಂದ ಬಂದ. ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಒಂದು ಪಾಳಿ ಮುಗಿಸಿ ಇನ್ನೊಂದರ ನಡುವೆ ಬಂದಿದ್ದ. ಗಾಜಿಗೆ ಹಣೆ ಒತ್ತಿ ನಿಂತ. ನಾನು ಹೊರಬಂದಾಗ ಮೆಲ್ಲಗೆ ಕೇಳಿದ: “ಬ್ರದರ್, ನೀವ ಇಟ್ಟಿದ್ದು ಇರಲ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಾನೂ ಒಂದು ಹೆಸರು ಇಟಗಂಡೀನಿ ಮನಸಿನಾಗ. ನಿಮಗೊಬ್ಬರಿಗೆ ಹೇಳ್ಲೇನ್ರಿ?”

“ಬ್ಯಾಡ,” ಎಂದೆ. ನಾನು ಬೇಡವೆಂದ ರಭಸಕ್ಕೆ ಅವನೂ ಬೆಚ್ಚಿದ, ನಾನೂ ಬೆಚ್ಚಿದೆ. “ಯಾರಿಗೂ ಹೇಳಬ್ಯಾಡ. ಇಟಗ. ಅಲ್ಲೇ ಇಟಗ.”

ಅವನು ತಲೆಯಾಡಿಸಿದ. ಮನಸ್ಸಿನಲ್ಲಿಟ್ಟ ಹೆಸರನ್ನು ಅವನು ಆಡುವಂತಿಲ್ಲ, ನನ್ನ ಕೂಸಿನ ಮೇಲೆ ನಾನು ಆಸೆ ಇಡುವಂತಿಲ್ಲ. ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದಾದ ಎರಡು ಸಂಗತಿಯೂ ಹೀಗೆ ಮುಚ್ಚಿಹೋಗಿದ್ದವು. “ಚಾ ಕುಡಿತೀಯೇನು?” ಎಂದೆ. ಅವನಿಗೆ ಬಸ್ಸಿನ ಹೊತ್ತಾಗಿತ್ತು.

ರಕ್ತದ ವರದಿಯಲ್ಲಿ ಸೋಂಕಿರಲಿಲ್ಲ. ಉಸಿರು ಮತ್ತೆ ಮರೆಯಲಿಲ್ಲ. ಕೂಸು ಚೀಪಲು ಕಲಿಯಿತು. ನಳಿಕೆ ತೆಗೆದ ದಿನ ಸಿಸ್ಟರ್ ಎಲ್ಲರಿಗೂ ಪೇಡೆ ಹಂಚಿದಳು. ನಾನು ನನ್ನ ಪೇಡೆಯನ್ನು ಕಾಗದದಲ್ಲೇ ಇಟ್ಟುಕೊಂಡೆ, ಸಂಜೆ ತಿಂದೆ. ಕಡೆಗೊಂದು ದಿನ ಮೇಡಂ, “ಮನೆಗೆ ಹೋಗಬಹುದು. ಕಾಂಗರೂ ಆರೈಕೆ ಮನೆಯಲ್ಲೂ ಮುಂದುವರಿಸಿ,” ಎಂದರು.

ಅಜ್ಜಿ ನನ್ನನ್ನು ಬದಿಗೆ ಕರೆದಳು. ಊರಿಗೆ ಹೋಗುವ ಮೊದಲು ನನ್ನ ಮನೆಗೆ ಬಂದು ಕೂಸನ್ನು ಹೊಸ್ತಿಲು ದಾಟಿಸಿ, ಅಲ್ಲಿಂದ ಅವರು ಮರಳಿ ಕೊಳ್ಳಬೇಕು. ಆಗ ಅದು ಹೆತ್ತ ಕೂಸಲ್ಲ, ಪರರಿಂದ ಕೊಂಡ ಮಾಲು. “ಮೂರು ಸಲ ಕೇಳತೀನಿ. ಎರಡ ಸಲ ಒಲ್ಲೆ ಅನ್ರಿ. ಮೂರನೇದಕ್ಕ ಒಯ್ಯಿರಿ ಅನ್ರಿ. ಆಮ್ಯಾಲ ಬಾಗಿಲ ಹಾಕ್ಕಳ್ರಿ, ನಾವು ಹೋಗೋದು ನೋಡಬ್ಯಾಡ್ರಿ. ನಮ್ಮೂರಿಗೂ ಬರಬ್ಯಾಡ್ರಿ, ಯಪ್ಪಾ. ತಪ್ಪು ತಿಳೀಬ್ಯಾಡ್ರಿ.”

ತಪ್ಪು ತಿಳಿಯಲಿಲ್ಲ. ರಜೆ ಹಾಕಿ ಬೆಳಿಗ್ಗೆಯೇ ನೆಲ ಒರೆಸಿದೆ. ಮಂಚಕ್ಕೆ ಹೊಸ ಚಾದರ ಹಾಕಿದೆ. ಕಿಟಕಿಯ ಸಂದಿಗೆ ಗಾಳಿ ಬಾರದಂತೆ ಬಟ್ಟೆ ತುರುಕಿದೆ. ಆರತಿ ಎತ್ತಲು ಹೆಣ್ಣುಮಕ್ಕಳು ಯಾರೂ ಇಲ್ಲವಲ್ಲ ಎಂಬ ಚಿಂತೆ ಒಂದು ತಾಸು ಕಾಡಿತು. ಇಲ್ಲದಿರುವುದೇ ಅವರಿಗೆ ಬೇಕಾದದ್ದು ಎಂದು ಆಮೇಲೆ ನೆನಪಾಯಿತು.

ಆಟೋ ಬಂತು. ಅಜ್ಜಿ ಕೂಸನ್ನು ಹೊಸ್ತಿಲು ದಾಟಿಸಿ ನನ್ನ ಕೈಗೆ ಕೊಟ್ಟಳು. ಪರದೆ, ಯಂತ್ರ, ಕೈಗವಸು ಇಲ್ಲದೆ ಅದನ್ನು ಹಿಡಿದದ್ದು ಅದೇ ಮೊದಲು. ಅದು ಕಣ್ಣು ಬಿಟ್ಟಿತ್ತು. ಚಾದರ ಹಾಕಿದ ಮಂಚದ ಮೇಲೆ ಮಲಗಿಸಬೇಕೆಂದುಕೊಂಡಿದ್ದೆ. ಮಲಗಿಸಲಿಲ್ಲ, ನಿಂತೇ ಇದ್ದೆ. ತಾಯಿ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದಳು.

ಅಜ್ಜಿ ತೌಡಿನ ಮೊರ ಮುಂದೆ ಹಿಡಿದು ಕೇಳಿದಳು. “ಮಾಲಕರೇ, ಕೂಸು ಮಾರತೀರೇನು?”

“ಒಲ್ಲೆ.”

“ಮಾರತೀರೇನು?”

“ಒಲ್ಲೆ.”

“ಮಾರತೀರೇನು?”

ಹಿಂದಿನ ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಅದು. ಒಯ್ಯಿರಿ. ಬಾಯಿ ತೆರೆದೆ, ಬರಲಿಲ್ಲ. ಅಜ್ಜಿ ಇನ್ನೊಮ್ಮೆ ಕೇಳುವಂತಿರಲಿಲ್ಲ, ಮೂರೇ ಸಲ. ಅವಳು ಮೊರವನ್ನು ಇನ್ನಷ್ಟು ಮುಂದೆ ಚಾಚಿದಳು, ತೌಡು ನೆಲಕ್ಕೆ ಉದುರಿತು. ಅಷ್ಟರಲ್ಲಿ ತಾಯಿ ಒಳಗೆ ಬಂದಳು. ಹೊಸ್ತಿಲು ದಾಟಿ, ನೇರ ನನ್ನ ಮುಖ ನೋಡಿ, ಎರಡೂ ಕೈ ಚಾಚಿದಳು.

“ಬ್ರದರ್, ಕೊಡ್ರಿ. ನನ್ನ ಕೂಸಿಗೆ ಹಾಲಿನ ಹೊತ್ತಾಗೈತಿ.”

“ನನ್ನ ಅನಬ್ಯಾಡಬೇ,” ಎಂದಳು ಅಜ್ಜಿ, ಗಾಬರಿಯಲ್ಲಿ.

“ಅಂತೀನಿ,” ಎಂದಳು ಮಗಳು.

“ಒಯ್ಯಿರಿ,” ಎಂದೆ. ಈಗ ಮಾತು ತಾನೇ ಬಂತು. ಆಕೆ ಕೂಸನ್ನು ಎದೆಗೆ ಒತ್ತಿಕೊಂಡಳು. ಕತ್ತು ಸರಿಯಿತ್ತು, ಮೂಗು ಕಾಣುತ್ತಿತ್ತು, ಕಲಿಸಿದಂತೆಯೇ.

ಅವರು ಹೊಸ್ತಿಲು ದಾಟಿದ ಮೇಲೆ ಬಾಗಿಲು ಹಾಕಿದೆ. ಹೊರಗೆ ಆಟೋದವನು ಮತ್ತೆ ಮತ್ತೆ ಹ್ಯಾಂಡಲ್ ಎಳೆಯುತ್ತಿದ್ದ, ಶುರುವಾಗುತ್ತಿರಲಿಲ್ಲ. ಕಾಲುವೆಯ ಕಡೆಯ ಗಾಳಿ ಬಾಗಿಲನ್ನು ಒಂದೇ ಸಮನೆ ಅಲುಗಿಸುತ್ತಿತ್ತು. ಆಟೋದ ಎರಡೂ ಬದಿ ಬಯಲು, ದಾರಿಯುದ್ದಕ್ಕೂ ಗಾಳಿ. ಬಾಗಿಲು ತೆಗೆಯುವಂತಿಲ್ಲ, ನೋಡುವಂತಿಲ್ಲ. ಚಿಲಕ ಹಿಡಿದುಕೊಂಡೇ, ಬಾಗಿಲಿಗೆ ಬಾಯಿ ಹಚ್ಚಿ ಕೂಗಿದೆ:

“ಗಾಳಿ ಐತಿ. ಕಿವಿ ಮುಚ್ಚೀರೇನು?”

ಹ್ಯಾಂಡಲ್ ಎಳೆಯುವ ಸದ್ದು ನಿಂತಿತು.

“ಮುಚ್ಚೀನ್ರಿ,” ಎಂದಿತು ಆಕೆಯ ದನಿ. ಆಟೋ ಶುರುವಾಯಿತು.